ಒಂದೇ ಜಿಲ್ಲೆ, ನಡುವೆ ಹಿಮದ ಗೋಡೆ

ವಿಸ್ತಾರದಲ್ಲಿ ಹಿಮಾಚಲ ಪ್ರದೇಶದ ಅತಿ ದೊಡ್ಡ ಜಿಲ್ಲೆ ಲಾಹೌಲ್-ಸ್ಪಿತಿ. ಸುಮಾರು 13,800 ಚದರ ಕಿ.ಮೀ. ನೆಲದಲ್ಲಿ 2011ರ ಜನಗಣತಿಯಂತೆ ಇದ್ದವರು 31,564 ಮಂದಿ ಮಾತ್ರ! ಮುಂಗಾರಿನ ಮೋಡಗಳನ್ನು ಪರ್ವತಶ್ರೇಣಿಗಳು ತಡೆಯುವುದರಿಂದ ಮಳೆ ಅಪರೂಪ. ಬಾರ್ಲಿ, ಬಟಾಣಿಗೆ ಹಿಮ ಕರಗಿದ ನೀರೇ ಆಧಾರ.

1960ರಲ್ಲಿ, ಪಂಜಾಬಿಗೆ ಸೇರಿದ್ದಾಗ, ಎರಡೂ ಕಣಿವೆಗಳನ್ನು ಕೂಡಿಸಿ ಜಿಲ್ಲೆ ಮಾಡಿದರು. ಜಿಲ್ಲಾ ಕೇಂದ್ರ ಲಾಹೌಲಿನ ಕೇಲಾಂಗ್. ನಡುವೆ 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿ. ಚಳಿಗಾಲದಲ್ಲಿ ಅದು ಮುಚ್ಚಿತೆಂದರೆ ಸ್ಪಿತಿಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಕಿನ್ನೌರ್ ಮೂಲಕ ಸುತ್ತಿಬಳಸಿ, ಮನಾಲಿ ಹಾದು ಹೋಗಬೇಕು. ಅದಕ್ಕೆಂದೇ ಸ್ಪಿತಿಯ ಕಾಜಾದಲ್ಲಿ ಹೆಚ್ಚುವರಿ ಜಿಲ್ಲಾಧಿಕಾರಿಯ ಕಚೇರಿಯಿದೆ.

2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗದಿಂದ ಲಾಹೌಲಿನ ಚಳಿಗಾಲದ ದಿಗ್ಬಂಧನ ಬಹುಮಟ್ಟಿಗೆ ತಪ್ಪಿತು. ಸ್ಪಿತಿಗೆ ಮಾತ್ರ ಕುಂಜುಮ್ ಇನ್ನೂ ಗೋಡೆಯೇ. ನಕ್ಷೆಯ ಮೇಲೆ ಗೆರೆ ಎಳೆಯುವಾಗ ಪರ್ವತವನ್ನೂ ಒಂದು ಮಾತು ಕೇಳಬೇಕಲ್ಲವೇ?