ಔಷಧಿಯೇ ಊರಿಗೆ ಬರಬೇಕು

ಕುಡಿತದ ಚಟಕ್ಕೆ ಚಿಕಿತ್ಸೆ ನೀಡುವ ವೈದ್ಯರನ್ನು ಜನ ಬಲ್ಲರು. ಚಟ ಬಿಡಿಸಲು ಮನೆಬಾಗಿಲಿಗೆ ಬರುವ ಸ್ವಾಮಿಗಳನ್ನೂ ಬಲ್ಲರು. ಆದರೆ ಯಾವ ಊರಿನ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇರಬೇಕು, ಮನೋವೈದ್ಯರು ವಾರದ ಯಾವ ದಿನ ಎಲ್ಲಿಗೆ ಹೋಗಬೇಕು, ಯಾವ ಮಾತ್ರೆಯ ದಾಸ್ತಾನು ಎಷ್ಟಿರಬೇಕು ಎಂದು ಕಡತದ ಮುಂದೆ ಕುಳಿತು ನಿರ್ಣಯಿಸುವ ಅಧಿಕಾರಿಯನ್ನು ಅರಿತವರು ವಿರಳ. ಪಿರಿಯಾಪಟ್ಟಣದ ಒಂದು ಬಡ ಸಂಸಾರ ಉಳಿಯುವುದೋ ಒಡೆಯುವುದೋ ಎಂಬುದರಲ್ಲಿ ಆ ಕಡತದ ಪಾಲೂ ಇದೆ.

ಆತನ ಕೆಲಸ ಲೆಕ್ಕದಿಂದ ಆರಂಭವಾಗುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಹತ್ತರಿಂದ ಎಪ್ಪತ್ತೈದು ವರ್ಷದೊಳಗಿನವರಲ್ಲಿ ನೂರಕ್ಕೆ 2.7 ಮಂದಿ ಮದ್ಯಕ್ಕೆ ಪೂರ್ಣ ದಾಸರೆಂದು ಅದು ಕಂಡುಕೊಂಡಿತು. ಅಂಥ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಈ ಸರಾಸರಿಯನ್ನೇ 2011ರ ಜನಗಣತಿಯಂತೆ 30 ಲಕ್ಷ ಜನರಿದ್ದ ಮೈಸೂರು ಜಿಲ್ಲೆಗೆ ಅನ್ವಯಿಸಿ ನೋಡಿ. ಸುಮಾರು ಅರವತ್ತು ಸಾವಿರ ವ್ಯಸನಿಗಳು. ಚಿಕಿತ್ಸೆ ಕಂಡವರು 1,600ರಷ್ಟು. ಇದು ಅಂದಾಜೇ ಹೊರತು ಎಣಿಕೆಯಲ್ಲ. ಆದರೂ ಯೋಜನೆಗೆ ಬುನಾದಿಯಾಗುವುದು ಇಂಥ ಅಂದಾಜೇ. ಬಾಗಿಲಿಗೆ ಬಂದವರನ್ನಷ್ಟೇ ಎಣಿಸುವ ಇಲಾಖೆಗೆ ಬಾರದ ಐವತ್ತೆಂಟು ಸಾವಿರ ಮಂದಿ ಕಾಣುವುದೇ ಇಲ್ಲ.

ಮೈಸೂರಿನಲ್ಲಿ ದೊಡ್ಡ ಕೇಂದ್ರವೊಂದನ್ನು ಕಟ್ಟಿದರಾಯಿತೆಂದು ಹೇಳುವುದು ಸುಲಭ. ಉದ್ಘಾಟನೆಯ ಫಲಕಕ್ಕೂ ಅದು ಅನುಕೂಲ! ಆದರೆ ಪಿರಿಯಾಪಟ್ಟಣದ ಕೂಲಿಯಾಳು ಅಲ್ಲಿಗೆ ಬರಬೇಕಾದರೆ ದಿನದ ಕೂಲಿ ಹೋಗುತ್ತದೆ, ಜೊತೆಗೊಬ್ಬರು ಬೇಕಾಗುತ್ತದೆ, ನಾಲ್ಕು ಜನ ನೋಡಿಯಾರೆಂಬ ನಾಚಿಕೆ ಬೇರೆ. ಆತ ಹೊಟ್ಟೆನೋವಿಗೋ ಬಿದ್ದ ಗಾಯಕ್ಕೋ ಮೊದಲು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಆದ್ದರಿಂದ ಅಲ್ಲಿಯ ಸಾಮಾನ್ಯ ವೈದ್ಯರೇ ಚಟವನ್ನು ಗುರುತಿಸಿ ಔಷಧ ಆರಂಭಿಸುವಂತಾಗಬೇಕು. ತಾಲ್ಲೂಕು ಮಟ್ಟದ ವೈದ್ಯರಿಗೆ ತರಬೇತಿ ನೀಡಿ ಮಾನಸಿಕ ರೋಗಗಳಿಗೆ ಚಿಕಿತ್ಸೆ ಕೊಡಿಸಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ನಮ್ಮ ರಾಜ್ಯದ ‘ಮನೋಚೈತನ್ಯ’ ಯೋಜನೆ ಅದೇ ದಾರಿಯದು.

ಊರಿನ ಬದುಕನ್ನರಿಯದೆ ಮಾಡಿದ ಯೋಜನೆ ಫಲಿಸದು. ಪಿರಿಯಾಪಟ್ಟಣ, ಹುಣಸೂರು ಸೀಮೆಯದು ಹೊಗೆಸೊಪ್ಪಿನ ಬದುಕು. ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪು ತಂಬಾಕು ಮಂಡಳಿಯ ಹರಾಜಿಗೆ ಬರುವ ತಿಂಗಳುಗಳಲ್ಲೇ ರೈತನ ಕೈಯಲ್ಲಿ ಹಣ ಓಡಾಡುವುದು. ಆ ತಿಂಗಳುಗಳಲ್ಲಿ ಪೇಟೆಯಿಂದ ಮನೆ ತಲುಪುವ ಹಣವೆಷ್ಟೆಂಬುದನ್ನು ಗೃಹಿಣಿಯರೇ ಬಲ್ಲರು. ಆಪ್ತ ಸಮಾಲೋಚಕರ ಹುದ್ದೆ ತುಂಬಬೇಕಾದುದೂ ಮಾತ್ರೆಯ ದಾಸ್ತಾನು ಹೆಚ್ಚಬೇಕಾದುದೂ ಆಗಲೇ. ಮಾರ್ಚ್ ಅಂತ್ಯದಲ್ಲಿ ಅನುದಾನ ಮುಗಿಸುವ ಅವಸರಕ್ಕಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳದು ಬೇರೆಯೇ ಕಥೆ. ಅಲ್ಲಿಗೆ ತಾಲ್ಲೂಕು ಆಸ್ಪತ್ರೆಯೂ ದೂರ.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಮನಸ್ಸು ತಿರುಗಿಸುವ ಕೆಲಸವನ್ನು ಸರ್ಕಾರಕ್ಕಿಂತ ಮೊದಲೇ ಕೈಗೊಂಡವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು. 1975ರಲ್ಲಿ ಜೋಳಿಗೆ ಹಿಡಿದು ಹೊರಟ ಪೂಜ್ಯರು ಕಾಸು ಕಾಳು ಬೇಡಲಿಲ್ಲ, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳೂ ಹಳ್ಳಿಹಳ್ಳಿಗಳಲ್ಲಿ ನಡೆದಿವೆ.

ಇಲ್ಲೊಂದು ಸೂಕ್ಷ್ಮವನ್ನು ಮನೆಯವರು ತಿಳಿದಿರಬೇಕು. ಬಹುಕಾಲ ದಿನವೂ ಮಿತಿಮೀರಿ ಕುಡಿದವನು ಜೋಳಿಗೆಗೆ ಚಟ ಹಾಕಿ ಅಂದೇ ನಿಲ್ಲಿಸಿದರೆ, ಮೊದಲೆರಡು ದಿನಗಳಲ್ಲಿ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪಿ ಮಾತನಾಡುವ ಸನ್ನಿ ಹಿಡಿಯಬಹುದು. ಇದು ದೆವ್ವವೂ ಅಲ್ಲ, ಸಂಕಲ್ಪದ ಕೊರತೆಯೂ ಅಲ್ಲ. ಪ್ರಾಣಕ್ಕೆ ಎರವಾಗಬಲ್ಲ ಸ್ಥಿತಿ. ಕೆಲವು ದಿನಗಳ ಮಾತ್ರೆ ಹಾಗೂ ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ಇದನ್ನು ತಡೆಯಬಹುದು. ಹಾಗಾಗಿ ಶಿಬಿರವನ್ನೂ ಆಸ್ಪತ್ರೆಯನ್ನೂ ಜೋಡಿಸುವುದು ಯೋಜಕನ ಹೊಣೆ. ಕುಡಿತ ಬಿಡಿಸುವ ಪುಡಿಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಆತ ಅರಿಯದೆ ಕುಡಿದರೆ ಜೀವಕ್ಕೇ ಅಪಾಯ.

ಮದ್ಯವ್ಯಸನದಿಂದುಂಟಾಗುವ ಮಾನಸಿಕ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ವ್ಯಸನಿಗಳನ್ನು ಸೇರಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರ ನೋಂದಣಿ ಪಡೆದಿರಬೇಕು; ಸರಪಳಿ ಹಾಕಿ ಕೂಡಿಡುವುದು ಅಪರಾಧ. ಊರಲ್ಲಿ ವೈದ್ಯರಿಲ್ಲದ ಹೊತ್ತಿನಲ್ಲಿ, 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

ಯೋಜನೆಯ ವರದಿಗಳಲ್ಲಿ ದಾಖಲಾದವರ ಸಂಖ್ಯೆಯನ್ನೇ ದೊಡ್ಡದಾಗಿ ಬರೆಯುವ ರೂಢಿ ಇದೆ. ನನ್ನ ಮಟ್ಟಿಗೆ ಬೇಕಾದ ಕಲಮು ಬೇರೊಂದು: ಮನೆಗೆ ಮರಳಿದ ಮೂರನೆಯ ತಿಂಗಳಲ್ಲಿ ಮತ್ತೆ ಬಂದು ವೈದ್ಯರನ್ನು ಕಂಡವರೆಷ್ಟು, ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋದಳೇ?