ಹೆಪ್ಪುಗಟ್ಟಿಸಿದ ಸೀಗಡಿಯಲ್ಲಿ ಬ್ಯಾಕ್ಟೀರಿಯಾ ಮಾಲಿನ್ಯ

ಹಿಡಿದ ಅಥವಾ ಸಾಕಿದ ಸೀಗಡಿಯನ್ನು ಸಂಸ್ಕರಿಸಿ, ಹೆಪ್ಪುಗಟ್ಟಿಸಿ, ಮಾರಾಟ ಮಾಡುವ ಯಾವುದೇ ಹಂತದಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಅದನ್ನು ಸೇರಬಹುದು. ಭಾರತದ ಸಮುದ್ರೋತ್ಪನ್ನ ರಫ್ತಿನಲ್ಲಿ ಮೌಲ್ಯದ ದೃಷ್ಟಿಯಿಂದ ಹೆಪ್ಪುಗಟ್ಟಿಸಿದ ಸೀಗಡಿಗೆ ಮೊದಲ ಸ್ಥಾನವಿದೆ. ಇದು ದೇಶದೊಳಗಿನ ಮಾರುಕಟ್ಟೆಗಳಲ್ಲಿಯೂ ದೊರೆಯುತ್ತದೆ. ಹೆಪ್ಪುಗಟ್ಟಿಸುವಿಕೆಯು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವುಗಳನ್ನು ಪೂರ್ಣವಾಗಿ ನಾಶಪಡಿಸುವುದಿಲ್ಲ.

ಪ್ರಮುಖ ಬ್ಯಾಕ್ಟೀರಿಯಾಗಳು

ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್: ಇದು ಕರಾವಳಿಯ ಉಪ್ಪುನೀರಿನಲ್ಲಿ ಸಹಜವಾಗಿ ವಾಸಿಸುತ್ತದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನುಗಳನ್ನು ತಿಂದು 272 ಜನರು ಅಸ್ವಸ್ಥರಾಗಿ, 20 ಜನರು ಮೃತಪಟ್ಟಾಗ ಇದನ್ನು ಮೊದಲು ಗುರುತಿಸಲಾಯಿತು. ಹೆಪ್ಪುಗಟ್ಟಿಸಿದಾಗ ಇದರ ಸಂಖ್ಯೆ ತಗ್ಗುತ್ತದೆ, ಆದರೆ ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ.

ಸಾಲ್ಮೊನೆಲ್ಲಾ ಮತ್ತು ಇ. ಕೋಲೈ: ಮಲದಿಂದ ಕಲುಷಿತಗೊಂಡ ನೀರು, ಮಂಜುಗಡ್ಡೆ ಹಾಗೂ ಕೈಗಳ ಮೂಲಕ ಸೀಗಡಿಯನ್ನು ಸೇರುತ್ತವೆ.

ಲಿಸ್ಟೀರಿಯಾ ಮೊನೊಸೈಟೊಜೀನ್ಸ್: ಇದು ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯಬಲ್ಲದು. ಗರ್ಭಿಣಿಯರಿಗೆ ಹಾಗೂ ವೃದ್ಧರಿಗೆ ವಿಶೇಷವಾಗಿ ಅಪಾಯಕಾರಿ.

ಸ್ಟ್ಯಾಫಿಲೊಕಾಕಸ್ ಆರಿಯಸ್: ಸಿಪ್ಪೆ ಸುಲಿಯುವವರ ಚರ್ಮ ಮತ್ತು ಮೂಗಿನಿಂದ ಹರಡುತ್ತದೆ. ಇದು ಉತ್ಪಾದಿಸುವ ವಿಷವು ಕುದಿಸಿದರೂ ನಾಶವಾಗದು.

ಮಾಲಿನ್ಯದ ಕಾರಣಗಳು

ಸೀಗಡಿಯನ್ನು −18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ಸಂಗ್ರಹಿಸಬೇಕು. ಸಾಗಾಣಿಕೆ ಅಥವಾ ಮಾರಾಟದ ವೇಳೆ ಅದು ಕರಗಿದರೆ ಬದುಕುಳಿದ ಬ್ಯಾಕ್ಟೀರಿಯಾಗಳು ಮತ್ತೆ ವೃದ್ಧಿಸುತ್ತವೆ. ಅದನ್ನು ಪುನಃ ಹೆಪ್ಪುಗಟ್ಟಿಸಿದರೆ ಹೆಚ್ಚಿದ ಸಂಖ್ಯೆಯ ಬಹುಭಾಗ ಹಾಗೆಯೇ ಉಳಿಯುತ್ತದೆ. ಪೊಟ್ಟಣದೊಳಗೆ ದೊಡ್ಡ ಹಿಮಹರಳುಗಳಿರುವುದು, ಬಿಡಿಬಿಡಿಯಾಗಿರಬೇಕಾದ ಸೀಗಡಿ ಗಟ್ಟಿಯಾಗಿ ಅಂಟಿಕೊಂಡಿರುವುದು ಇದರ ಸೂಚನೆಗಳಾಗಿರಬಹುದು. ಚಿಪ್ಪಿನ ಮೇಲಿನ ಕಪ್ಪು ಕಲೆಗಳು ಕಿಣ್ವಗಳ ಕ್ರಿಯೆಯಿಂದ ಉಂಟಾಗುವಂಥವು, ಅವು ಬ್ಯಾಕ್ಟೀರಿಯಾದ ಗುರುತಲ್ಲ. ಇದಕ್ಕೆ ಪ್ರತಿಯಾಗಿ, ರೋಗಕಾರಕಗಳಿರುವ ಸೀಗಡಿಯು ನೋಟದಲ್ಲಿ ಹಾಗೂ ವಾಸನೆಯಲ್ಲಿ ತಾಜಾ ಎನಿಸಬಹುದು.

ಮಾನದಂಡಗಳು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಾನದಂಡದ ಪ್ರಕಾರ 25 ಗ್ರಾಂ ಹೆಪ್ಪುಗಟ್ಟಿಸಿದ ಸೀಗಡಿಯಲ್ಲಿ ಸಾಲ್ಮೊನೆಲ್ಲಾ ಇರಕೂಡದು. 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಸಮುದ್ರಾಹಾರದಲ್ಲಿನ ವಿಬ್ರಿಯೋಗಳ ಬಗ್ಗೆ ಸಂಶೋಧನೆಗಳು ನಡೆದಿವೆ.

ಸುರಕ್ಷಿತ ಬಳಕೆ

ಸೀಗಡಿಯನ್ನು ಹೊರಗಿನ ಬಿಸಿಯಲ್ಲಿ ಇಡದೆ, ಫ್ರಿಜ್ಜಿನ ಕೆಳಭಾಗದಲ್ಲಿ ಮುಚ್ಚಿದ ಪಾತ್ರೆಯಲ್ಲಿಟ್ಟು ಕರಗಿಸುವುದು ಸೂಕ್ತ. ಬೆನ್ನಿನ ಉದ್ದಕ್ಕೂ ಇರುವ ಕಪ್ಪು ನಾಳವು ಅದರ ಕರುಳು. ಅದನ್ನು ತೆಗೆಯುವುದು ಒಳ್ಳೆಯದಾದರೂ ಬೇಯಿಸುವುದಕ್ಕೆ ಅದು ಬದಲಿಯಲ್ಲ. ಒಳಭಾಗದ ಉಷ್ಣಾಂಶ 63 ಡಿಗ್ರಿ ಸೆಲ್ಸಿಯಸ್ ತಲುಪುವಂತೆ, ಮಾಂಸವು ಪೂರ್ತಿ ಅಪಾರದರ್ಶಕವಾಗುವವರೆಗೆ ಬೇಯಿಸಬೇಕು. ಹಸಿ ಸೀಗಡಿಗೆ ಬಳಸಿದ ಚಾಕು ಮತ್ತು ಹಲಗೆಯನ್ನು ತೊಳೆಯದೆ ತರಕಾರಿಗೆ ಬಳಸಬಾರದು.