ಖಾತೆಗೆ ಏರದ ಲೆಕ್ಕ: ಓದಿದ ಮತ್ತು ಓದಲಿರುವ ಕಾದಂಬರಿಗಳು



ನಮ್ಮ ಸಾಹಿತ್ಯ ಸಂಘದ ಕಳೆದ ಸಭೆಯಲ್ಲಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು: ಇತ್ತೀಚೆಗೆ ಓದಿದ ಕಾದಂಬರಿ ಯಾವುದು, ಮುಂದೆ ಓದಬೇಕೆಂದಿರುವುದು ಯಾವುದು? ನನ್ನ ಸರದಿ ಬಂದಾಗ "ಗೃಹಭಂಗ ಓದಿದೆ, ಚೆನ್ನಾಗಿದೆ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಪಕ್ಕದಲ್ಲಿದ್ದ ಬಿ.ಎ. ಗೆಳೆಯ "ಕಾಮರ್ಸಿನವರಿಗೆ ಅಷ್ಟು ಸಾಕು ಬಿಡೋ" ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಾರಾಯಣಗೂಡದ ಫ್ಲೈಓವರ್ ಕೆಳಗೆ ನಡೆದು ಮನೆಗೆ ಬರುವಾಗ ಆ ನಗು ನನ್ನ ಹಿಂದೆಯೇ ಬಂತು.

ಅವನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದೇ. "ಚೆನ್ನಾಗಿದೆ" ಅನ್ನೋದು ಅಭಿಪ್ರಾಯವೇ ಅಲ್ಲ. ಒಂದೊಂದು ಬಾಬತ್ತೂ ಬರೆಯದೆ ಕೆಳಗೆ ಒಟ್ಟು ಮೊತ್ತ ಮಾತ್ರ ಬರೆದ ಹಾಗೆ ಅದು. ಅಂಥ ಲೆಕ್ಕವನ್ನು ನಮ್ಮ ಉಪನ್ಯಾಸಕರು ನೋಡದೆಯೇ ಪಕ್ಕಕ್ಕೆ ಇಡುತ್ತಾರೆ. ಆದ್ದರಿಂದ ಇಲ್ಲಿ ಬಾಬತ್ತು ಸಮೇತ ಬರೆಯುತ್ತಿದ್ದೇನೆ. ನಾನು ವಿಮರ್ಶಕನಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಜಮಾ ಖರ್ಚನ್ನು ಕ್ರೆಡಿಟ್ಟು ಡೆಬಿಟ್ಟು ಎಂದು ಹೊಸದಾಗಿ ಕಲಿತವನು. ನನ್ನ ಹತ್ತಿರ ಇರುವ ತಕ್ಕಡಿ ಅದೊಂದೇ. ಅದರಲ್ಲೇ ತೂಗುತ್ತೇನೆ.

ಕಾಮರ್ಸಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಎಂದು ಒಂದಿದೆ, ಕನ್ನಡದಲ್ಲಿ ತಾಳೆಪಟ್ಟಿ. ಎಲ್ಲ ಖಾತೆಗಳ ಬಾಕಿಯನ್ನೂ ಒಂದು ಕಡೆ ಬರೆದು ಎಡಬದಿ ಬಲಬದಿ ಕೂಡಿದರೆ ಎರಡೂ ಸಮ ಬರಬೇಕು. ಸಮ ಬಂದರೆ ನಮಗೆಲ್ಲ ಖುಷಿ. ಆದರೆ ಪುಸ್ತಕದಲ್ಲಿ ಮೊದಲ ವಾರವೇ ಒಂದು ಎಚ್ಚರಿಕೆ ಇರುತ್ತದೆ: ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಒಂದು ವ್ಯವಹಾರವನ್ನು ಎರಡೂ ಕಡೆ ಬರೆಯದೇ ಬಿಟ್ಟರೆ ಪಟ್ಟಿ ಆಗಲೂ ತಾಳೆಯಾಗುತ್ತದೆ. ಬಿಟ್ಟುಹೋದದ್ದು ಯಾರಿಗೂ ಕಾಣುವುದಿಲ್ಲ. ಇಂಥ ಬಿಟ್ಟುಹೋದ ಬಾಬತ್ತನ್ನು ಹುಡುಕಿ ತೆಗೆಯುವುದು ಒಳ್ಳೆಯ ಕಾದಂಬರಿಯ ಕೆಲಸ ಎಂದು ನನಗೆ ಈಚೆಗೆ ತಿಳಿಯಿತು. ಅದಕ್ಕೇ ಯಾವ ಕಾದಂಬರಿ ಹಿಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಮನೆಗೆ ಅನ್ನ ಎಲ್ಲಿಂದ ಬರುತ್ತದೆ? ದುಡಿದವರು ಯಾರು, ಹೆಸರು ಯಾರದು? ಯಾರ ಲೆಕ್ಕ ಬರೆಯದೇ ಬಿಟ್ಟಿದ್ದಾರೆ?

ಮೊದಲು "ಗೃಹಭಂಗ". ಎಸ್.ಎಲ್. ಭೈರಪ್ಪನವರ ಈ ಕಾದಂಬರಿ 1970ರಲ್ಲಿ ಬಂದದ್ದು. ನಾನು ಓದಿದ ಪ್ರತಿ ಆಬಿಡ್ಸಿನ ಭಾನುವಾರದ ಫುಟ್‌ಪಾತಿನಲ್ಲಿ, ಇಂಗ್ಲಿಷ್ ಗೈಡುಗಳ ಕೆಳಗೆ ಸಿಕ್ಕಿತು. ಕೊಟ್ಟದ್ದು ನಲವತ್ತು ರೂಪಾಯಿ. ಕಥೆ ಹಳೆ ಮೈಸೂರು ಸೀಮೆಯ ಹಳ್ಳಿಯದು, ಪ್ಲೇಗು ಬರಗಾಲಗಳ ಕಾಲದ್ದು. ಚೆನ್ನಿಗರಾಯ ಶಾನುಭೋಗ. ಅವನಿಗೆ ಶಾನುಭೋಗಿಕೆಯ ಲೆಕ್ಕ ಬರುವುದಿಲ್ಲ, ಹೊಟ್ಟೆ ಮಾತ್ರ ಗೊತ್ತು. ಹಳ್ಳಿಯ ಲೆಕ್ಕವನ್ನೆಲ್ಲ ಬರೆಯುವವಳು ಅವನ ಹೆಂಡತಿ ನಂಜಮ್ಮ. ಮನೆ ನಡೆಸಲು ಮುತ್ತುಗದ ಎಲೆ ಹಚ್ಚಿ ಮಾರುವವಳೂ ಅವಳೇ. ಅತ್ತೆ ಗಂಗಮ್ಮನ ಬೈಗುಳ ತಿನ್ನುವವಳೂ ಅವಳೇ.

ಇದನ್ನು ನಾನು ಮನೆಯಲ್ಲಿ ರಾತ್ರಿ ಗಟ್ಟಿಯಾಗಿ ಓದುತ್ತಿದ್ದೆ. ನನ್ನ ತಂಗಿ ಇಂಗ್ಲಿಷ್ ಮೀಡಿಯಮ್ಮಿನವಳು, ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳಿಗೋಸ್ಕರ ಶುರು ಮಾಡಿದ್ದು. ಅವಳು ಎರಡನೇ ದಿನ ಮೊಬೈಲು ಹಿಡಿದು ಮಲಗಿದಳು. ಆದರೆ ಅವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಲೇ ಇದ್ದಳು. ನಂಜಮ್ಮ ಲೆಕ್ಕ ಬರೆಯುವ ಭಾಗ ಬಂದಾಗ ಬಡಿಯೋದು ನಿಲ್ಲಿಸಿ ಕೇಳಿದಳು:

"ಲೆಕ್ಕಾ ಬರೆದಾಕಿ ಆಕಿ. ಸಹಿ ಯಾರ್ದು?"

"ಗಂಡಂದು. ಅವನೇ ಅಲ್ಲೇನವ್ವ ಶಾನುಭೋಗ."

"ಹೂಂ. ಓದು ಮುಂದ" ಅಂದಳು.

ನಾನು ಮುಂದೆ ಓದಿದೆ, ಆದರೆ ಮನಸ್ಸು ಅಲ್ಲೇ ನಿಂತಿತ್ತು. ನಮ್ಮ ಅಪ್ಪನದು ಒಂದು ಸಣ್ಣ ಕಿರಾಣಿ ಅಂಗಡಿ. ಉದ್ರಿ ಪುಸ್ತಕ ಬರೆಯೋದು ನಾನು ಹುಟ್ಟುವ ಮೊದಲಿನಿಂದಲೂ ಅವ್ವ. ಯಾರ ಬಾಕಿ ಎಷ್ಟು, ಯಾರ ಮನೆಯಲ್ಲಿ ಕಷ್ಟ ಇದೆ, ಯಾರನ್ನು ಈ ತಿಂಗಳು ಕೇಳಬಾರದು, ಎಲ್ಲ ಅವಳ ತಲೆಯಲ್ಲಿದೆ. ಎರಡು ವರ್ಷದ ಹಿಂದೆ ಸ್ಕಾಲರ್‌ಷಿಪ್ ಫಾರಂ ತುಂಬುವಾಗ ತಾಯಿಯ ಉದ್ಯೋಗ ಎಂಬ ಕಡೆ ನಾನು "ಏನೂ ಇಲ್ಲ" ಎಂದು ನನ್ನ ಕೈಯಾರೆ ಬರೆದಿದ್ದೆ. ಫಾರಂ ಮೇಲೆ ಅವಳೂ ನೋಡಿ ಸುಮ್ಮನಿದ್ದಳು. ಲೆಕ್ಕಶಾಸ್ತ್ರ ಓದುವ ನಾನು ನಮ್ಮ ಮನೆಯ ಮುಖ್ಯ ಲೆಕ್ಕಿಗಳನ್ನೇ ಖಾತೆಗೆ ಏರಿಸಿರಲಿಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಉಪನ್ಯಾಸವಲ್ಲ, ಐವತ್ತು ವರ್ಷ ಹಳೆಯ ಒಂದು ಕಾದಂಬರಿ. ಸಭೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಇದು. ಹೇಳಲು ನಾಚಿಕೆಯಾಯಿತು.

ಭೈರಪ್ಪನವರ ಎಲ್ಲ ಕಾದಂಬರಿಯೂ ನನಗೆ ಹೀಗೆ ತಟ್ಟಿಲ್ಲ. "ಆವರಣ" (2007) ಓದಿದಾಗ ಪಾತ್ರಗಳಿಗಿಂತ ವಾದವೇ ಮುಂದೆ ನಡೆಯುತ್ತದೆ ಅನ್ನಿಸಿತು. ತೀರ್ಪು ಮೊದಲೇ ಬರೆದು, ಅದಕ್ಕೆ ತಾಳೆಯಾಗುವ ಹಾಗೆ ಬಾಬತ್ತು ತುಂಬಿದ ಹಾಗೆ. ಇದಕ್ಕೆ ನಮ್ಮ ಸಂಘದಲ್ಲೇ ಅರ್ಧ ಜನ ಒಪ್ಪುವುದಿಲ್ಲ, ಗೊತ್ತು. "ಗೃಹಭಂಗ"ದಲ್ಲಿ ಲೇಖಕರು ಯಾರ ಪರವಾಗಿಯೂ ವಾದಿಸುವುದಿಲ್ಲ. ಚೆನ್ನಿಗರಾಯನ ಮೇಲೂ ಕೊನೆಗೆ ಒಂದು ಥರಾ ಮರುಕ ಬರುತ್ತದೆ.

ಎರಡನೆಯದು ವಿವೇಕ ಶಾನಭಾಗರ "ಘಾಚರ್ ಘೋಚರ್". ಕನ್ನಡದಲ್ಲಿ 2013ರಲ್ಲಿ ಬಂತು. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದದಿಂದ ಹೊರದೇಶದವರೂ ಓದಿದರು. ಕಿರುಕಾದಂಬರಿ ಎನ್ನಿ, ನೀಳ್ಗತೆ ಎನ್ನಿ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಒಂದು ವಾರ ಬಿಡುವುದಿಲ್ಲ. ಬೆಂಗಳೂರಿನ ಒಂದು ಕುಟುಂಬ. ತಂದೆ ಚಹಾಪುಡಿ ಕಂಪನಿಯ ಸೇಲ್ಸ್‌ಮನ್ ಆಗಿದ್ದಾಗ ದಿನದ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಯೇ ಚಡಪಡಿಸುತ್ತಿತ್ತು. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಶುರು ಮಾಡುತ್ತಾನೆ, ದುಡ್ಡು ಬರುತ್ತದೆ, ಲೆಕ್ಕ ಕೇಳುವವರೇ ಇಲ್ಲವಾಗುತ್ತಾರೆ. ಕಥೆ ಹೇಳುವವನು ಹೆಸರಿಗೆ ಕಂಪನಿಯ ಡೈರೆಕ್ಟರ್. ಸಂಬಳ ಇದೆ, ಕೆಲಸ ಇಲ್ಲ. ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ಅವನ ಹೆಂಡತಿ ಅನಿತಾ ಮಾತ್ರ ಆ ಮನೆಯಲ್ಲಿ ಬಾಯಿಬಿಟ್ಟು ಲೆಕ್ಕ ಕೇಳುವವಳು.

ಬಡತನದಲ್ಲಿ ಒಂದೊಂದು ರೂಪಾಯಿಗೂ ಮನೆಯವರೆಲ್ಲ ಒಟ್ಟಿಗೆ ಕೂರುತ್ತಿದ್ದರು. ಶ್ರೀಮಂತಿಕೆಯಲ್ಲಿ ದುಡಿಯುವವನ ಮರ್ಜಿ ಕಾಯುವುದೇ ಎಲ್ಲರ ಕೆಲಸವಾಯಿತು. ಚಿಕ್ಕಪ್ಪನನ್ನು ಉಳಿಸಿಕೊಳ್ಳಲು ಆ ಮನೆಯವರು ಏನು ಬೇಕಾದರೂ ಮಾಡಬಲ್ಲರು ಎಂಬ ಭಯ ಪುಟ ಪುಟಕ್ಕೂ ಹೆಚ್ಚುತ್ತದೆ. ಮುಕ್ತಾಯ ಹೇಳುವುದಿಲ್ಲ, ಓದದವರು ನನ್ನನ್ನು ಬೈಯುತ್ತಾರೆ. ನಮ್ಮ ಕಂಪನಿ ಲಾ ಪುಸ್ತಕದಲ್ಲಿ ಡೈರೆಕ್ಟರನ ಕರ್ತವ್ಯಗಳ ಪಟ್ಟಿ ಉದ್ದಕ್ಕಿದೆ. ಏನೂ ಮಾಡದ ಡೈರೆಕ್ಟರನ ಒಳಗೆ ಏನಾಗುತ್ತದೆ ಎಂಬುದು ಇಲ್ಲಿದೆ.

ಮೂರನೆಯದು ಯಶವಂತ ಚಿತ್ತಾಲರ "ಶಿಕಾರಿ" (1979). ಮುಂಬಯಿಯ ಕಂಪನಿ ಜಗತ್ತು. ನಾಗಪ್ಪ ಎಂಬ ಅಧಿಕಾರಿಯ ಮೇಲೆ ಒಂದು ದಿನ ಆಪಾದನೆ ಬಂದು ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಯಾಕೆ, ಯಾರು, ಎಂಬುದನ್ನು ಅವನು ಹುಡುಕುತ್ತಾ ಹೋಗುವುದೇ ಕಥೆ. ನಿಜ ಹೇಳಬೇಕೆಂದರೆ ಇದನ್ನು ಮಧ್ಯೆ ಎರಡು ಸಲ ಕೆಳಗಿಟ್ಟೆ. ನಾಗಪ್ಪನ ಯೋಚನೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ, ತಲೆ ಭಾರವಾಗುತ್ತದೆ. ಮೂರನೇ ಸಲ ಹಿಡಿದಾಗ ಅರ್ಥವಾಯಿತು: ನೌಕರಿ ಹೋಗುವ ಭಯದಲ್ಲಿರುವವನ ತಲೆ ಹಾಗೇ ಸುತ್ತುತ್ತದೆ. ಚಿತ್ತಾಲರು ಕೆಲಸ ಮಾಡಿದ್ದು ಬೇಕಲೈಟ್ ಹೈಲಮ್ ಕಂಪನಿಯಲ್ಲಿ, ಅದರ ಕಾರಖಾನೆ ನಮ್ಮ ಸನತ್‌ನಗರದಲ್ಲೇ ಇತ್ತು. ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಈಗ ನಾನು ಕಿಟಕಿಯಿಂದ ಹೊರಗೆ ನೋಡುತ್ತೇನೆ. ಮುಂದೆ ನೌಕರಿಗೆ ಹೋಗುವ ನಾವೆಲ್ಲ ಓದಲೇಬೇಕಾದ ಪುಸ್ತಕ. ಬೇಗ ಮುಗಿಸುವ ಆಸೆ ಮಾತ್ರ ಬಿಡಿ.

ನಾಲ್ಕನೆಯದು ವಸುಧೇಂದ್ರರ "ತೇಜೋ ತುಂಗಭದ್ರಾ" (2019). ಲಿಸ್ಬನ್ನಿನ ತೇಜೋ ನದಿಯ ದಂಡೆಯಿಂದ ವಿಜಯನಗರದ ತುಂಗಭದ್ರೆಯವರೆಗೆ ಹಬ್ಬಿದ ಕಥೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂದು ಶಾಲೆಯಲ್ಲಿ ಒಂದು ಅಂಕಕ್ಕೆ ಬರೆದಿದ್ದೇವೆ. ಆ ಮೆಣಸಿನ ವ್ಯಾಪಾರಕ್ಕೆ ಎಷ್ಟು ಜನ ಹಡಗಿನಲ್ಲೇ ಸತ್ತರು, ಲಿಸ್ಬನ್ನಿನ ಯೆಹೂದಿಗಳ ಮೇಲೆ ಏನೇನು ನಡೆಯಿತು ಎಂದು ಯಾರೂ ಹೇಳಿರಲಿಲ್ಲ. ಗೇಬ್ರಿಯಲ್, ಬೆಲ್ಲಾ ಎಂಬ ಪ್ರೇಮಿಗಳ ಮೂಲಕ ಅದೆಲ್ಲ ಬರುತ್ತದೆ. ಲಾಭದ ಕಾಲಮ್ಮು ಚರಿತ್ರೆಯಲ್ಲಿತ್ತು, ನಷ್ಟದ್ದು ಇಲ್ಲಿದೆ. ನನ್ನ ಒಂದೇ ತಕರಾರು: ಘಟನೆಗಳು ಒಂದರ ಹಿಂದೆ ಒಂದು ಓಡಿಬರುತ್ತವೆ, ಒಬ್ಬರ ಸಾವಿಗೆ ಅಳುವಷ್ಟರಲ್ಲಿ ಇನ್ನೊಂದು. ಆದರೂ ಕನ್ನಡ ಪುಸ್ತಕ ಹಿಡಿಯದೆ ವರ್ಷಗಟ್ಟಲೆ ಆದ ಗೆಳೆಯನಿಗೆ ಕೊಡುವುದಾದರೆ ಇದನ್ನೇ ಕೊಡುತ್ತೇನೆ. ಮೂರು ದಿನದಲ್ಲಿ ಮುಗಿಸಿ ವಾಪಸ್ ತಂದುಕೊಡುತ್ತಾನೆ.

ಈಗ ಓದಲಿರುವವು. ಮೊದಲನೆಯದು ಗೀತಾ ನಾಗಭೂಷಣರ "ಬದುಕು", 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಇಪ್ಪತ್ತು ಪುಟವಷ್ಟೇ ಆಗಿದೆ, ಆದರೆ ಆಗಲೇ ಒಂದು ಮಾತು ಹೇಳಬಹುದು. ಅದರಲ್ಲಿ ಕಲಬುರಗಿ ಕಡೆಯ ಬಡವರ ಕೇರಿ ಇದೆ, ಅವರ ಮಾತು ಅವರ ಹಾಗೇ ಇದೆ. ನಮ್ಮ ಅಜ್ಜಿಯ ಮಾತು ಅಚ್ಚಾದದ್ದನ್ನು ನಾನು ಮೊದಲ ಸಲ ನೋಡಿದೆ. ಶಾಲೆಯಲ್ಲಿ ಆ ಮಾತಾಡಿದರೆ "ಶುದ್ಧವಾಗಿ ಮಾತಾಡು" ಎನ್ನುತ್ತಿದ್ದರು. ಅವ್ವನಿಗೆ ಈ ಸಲ ಅದನ್ನೇ ಓದಿ ಹೇಳುವುದು ಎಂದು ನಿಶ್ಚಯಿಸಿದ್ದೇನೆ. ಅಂದ ಹಾಗೆ ಅವ್ವನ ಸ್ವಂತ ಆಯ್ಕೆ ಸಾಯಿಸುತೆಯವರ ಕಾದಂಬರಿ. ಅದನ್ನು ಕೇಳಿ ನಗುವವರು ನಮ್ಮ ಸಂಘದಲ್ಲೂ ಇದ್ದಾರೆ. ಉದ್ರಿ ಪುಸ್ತಕ ಮುಚ್ಚಿದ ಮೇಲೆ ರಾತ್ರಿ ಹತ್ತು ಗಂಟೆಗೆ ಇಪ್ಪತ್ತು ಪುಟ ಓದುವ ಹೆಂಗಸನ್ನು ನೋಡಿ ನಗುವ ಹಕ್ಕು ನಮಗೆ ಯಾರು ಕೊಟ್ಟರು?

ಇನ್ನು ಬರಬೇಕಾದ ಕಾದಂಬರಿಗಳ ವಿಷಯ. ಭೈರಪ್ಪನವರ ಹೊಸ ಕಾದಂಬರಿಗಾಗಿ ಕಾಯುವುದು ಕನ್ನಡಿಗರಿಗೆ ಒಂದು ಅಭ್ಯಾಸವಾಗಿತ್ತು. "ಉತ್ತರಕಾಂಡ" (2017) ಕೊನೆಯದಾಯಿತು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನನ್ನ ತೆಲುಗು ಗೆಳೆಯರು "ನಿಮ್ಮ ಭಾಷೆಯಲ್ಲಿ ಇನ್ನೇನಿದೆ?" ಎಂದು ಕೇಳತೊಡಗಿದ್ದಾರೆ. ಕೇಳಿದವರಿಗೆ ಹೇಳಲು ನಾವು ಓದಿರಬೇಕಲ್ಲ.

ನಾನು ನಿಜವಾಗಿ ಕಾಯುತ್ತಿರುವ ಕಾದಂಬರಿ ಇನ್ನೊಂದಿದೆ. ಅದಕ್ಕೆ ಹೆಸರಿಲ್ಲ, ಬರೆಯುವವರು ಯಾರೋ ತಿಳಿಯದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ, ಕಲಬುರಗಿ, ರಾಯಚೂರು ಅತ್ತ ಮೈಸೂರಿಗೆ ಸೇರಿದವು. ಹೈದರಾಬಾದ್ ನಗರ ಇತ್ತ ಆಂಧ್ರಕ್ಕೆ ಸೇರಿತು, 2014ರಿಂದ ತೆಲಂಗಾಣಕ್ಕೆ. ಗೆರೆ ಎಳೆದರು, ಎರಡೂ ಬದಿ ತಾಳೆಯಾಯಿತು. ಆದರೆ ಕಾಚಿಗುಡಾ, ನಾರಾಯಣಗೂಡ, ಬರ್ಕತ್‌ಪುರದ ಗಲ್ಲಿಗಳಲ್ಲಿ ಉಳಿದ ಕನ್ನಡ ಮನೆಗಳು ಯಾವ ಖಾತೆಗೆ? ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷು, ಒಲೆಯ ಮುಂದೆ ಕನ್ನಡ. ಇಂಥ ಮನೆಯ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಬಂದರೆ ಅದರಲ್ಲಿ ಉದ್ರಿ ಪುಸ್ತಕ ಬರೆಯುವ ಒಬ್ಬ ಹೆಂಗಸು ಇರಲಿ, ಕನ್ನಡ ಓದಲು ಬಾರದ ಒಬ್ಬ ಹುಡುಗಿಯೂ ಇರಲಿ. ನಮ್ಮಲ್ಲೇ ಯಾರಾದರೂ ಬರೆಯುವುದಾದರೆ ಸ್ಟೆನ್ಸಿಲ್ ಕತ್ತರಿಸಿಕೊಡಲು ನಾನು ತಯಾರು.

ಕೊನೆಗೆ ಒಂದು ಮಾತು. ಈ ವರ್ಷ ತಂಗಿಯ ಕಾಲೇಜಿನ ಫಾರಂ ನಾನೇ ತುಂಬಿದೆ. ತಾಯಿಯ ಉದ್ಯೋಗ ಎಂಬಲ್ಲಿ "ಅಂಗಡಿಯ ಲೆಕ್ಕಪತ್ರ" ಎಂದು ಬರೆದು, ಅವ್ವನ ಸಹಿ ಹಾಕಿಸಿದೆ. ಅವ್ವ ಓದಿ, "ಇದೆಲ್ಲಾ ಯಾಕೋ" ಎಂದಳು. ಆದರೆ ಸಹಿಯನ್ನು ನಿಧಾನವಾಗಿ, ಪೂರ್ತಿ ಹೆಸರು ಬರೆದು ಹಾಕಿದಳು.

ಮುಂದಿನ ಸಂಚಿಕೆಗೆ ನೀವು ಓದಿದ ಒಂದು ಕಾದಂಬರಿಯ ಬಗ್ಗೆ ಅರ್ಧ ಪುಟವಾದರೂ ಬರೆದುಕೊಡಿ. "ಚೆನ್ನಾಗಿದೆ" ಎಂದು ಮಾತ್ರ ಬರೆಯಬೇಡಿ, ಬಾಬತ್ತು ಹಾಕಿ. ಬಿ.ಎ. ಗೆಳೆಯನಿಗೂ ಇದು ಅನ್ವಯಿಸುತ್ತದೆ.